ಸಹಾಯ ಬೇಕು: ಬಾಡಿಗೆ ಕೊಟ್ಟಿಗೆಯ ನೆಲ ಕಿತ್ತುಹೋಗಿದೆ, ಖರ್ಚು ಯಾರದ್ದು?

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆ ಒಂದು ಹಳೇ ಡೈರಿ ಶೆಡ್ಡನ್ನು ಜಾಗದ ಸಮೇತ ಐದು ವರ್ಷಕ್ಕೆ ಬಾಡಿಗೆಗೆ ಹಿಡಿದಿದ್ದೇನೆ. 14 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳಿವೆ. ಓನರ್ ಬೆಂಗಳೂರಿನಲ್ಲಿದ್ದಾರೆ. ಒಳ್ಳೆಯವರೇ, ಆದರೆ ರಿಪೇರಿ ಮಾತೆತ್ತಿದರೆ "ನೀವೇ ನೋಡ್ಕೊಳ್ಳಿ" ಅಂತಾರೆ.

ಚಾವಣಿಯ ಸಿಮೆಂಟ್ ಶೀಟು ಬೋಲ್ಟ್ ಹಾಕಿದ ಕಡೆ ಬಿರುಕು ಬಿಟ್ಟಿದೆ. ಅದನ್ನು ಹೇಗೋ ಮುಚ್ಚಿ ಈ ಮಳೆಗಾಲ ತಳ್ಳಬಹುದು. ನಿಜವಾದ ತಲೆನೋವು ನೆಲ. ಹಿಂಗಾಲು ಊರುವ ಜಾಗದಲ್ಲಿ ಕಾಂಕ್ರೀಟ್ ಕಿತ್ತು ಜಲ್ಲಿ ಮೇಲೆದ್ದಿದೆ. ಚರಂಡಿಗೆ ಇಳಿಜಾರೇ ಇಲ್ಲ. ಗಂಜಲ ವಾಪಸ್ ಬಂದು ಹಸು ಮಲಗುವ ಕಡೆ ನಿಲ್ಲುತ್ತದೆ. ಸುಣ್ಣ ಎರಚಿದರೂ ಸಂಜೆಗೆ ಮತ್ತೆ ಅದೇ ರೊಚ್ಚೆ. ಎರಡಕ್ಕೆ ಕೆಚ್ಚಲು ಬಾವು ಬಂದಿದೆ, ಒಂದು ಕುಂಟುತ್ತಿದೆ. ರಬ್ಬರ್ ಮ್ಯಾಟ್ ಹಾಕಿ ಅಂತ ಎಲ್ಲರೂ ಸುಮ್ನೆ ಹೇಳಿಬಿಡ್ತಾರೆ. ಹಳ್ಳ ಬಿದ್ದ ನೆಲಕ್ಕೆ ಹಾಕಿದರೆ ಅದರಡಿಯೇ ಗಂಜಲ ನಿಲ್ಲುತ್ತೆ ಅಲ್ವಾ?

ಇನ್ನು ಕಾಗದದ ವಿಷಯ. 1974ರಲ್ಲಿ ಗೇಣಿ ಪದ್ಧತಿ ರದ್ದಾಗಿ ಜಮೀನು ಉಳುವವರ ಪಾಲಾದಾಗಿನಿಂದ ಜಮೀನಿನವರು ಏನನ್ನೂ ಬರೆದುಕೊಡಲು ಹೆದರುತ್ತಾರೆ. ನಮ್ಮದೂ ಬಾಯಿಮಾತೇ. ನಾನು ನೆಲ ಹಾಕಿಸಿದ ಮೇಲೆ, ಮುಂದಿನ ವರ್ಷ ಬಿಡಿ ಅಂದರೆ?

ಬಾಡಿಗೆ ಶೆಡ್‌ನಲ್ಲಿ ಹಸು ಸಾಕುತ್ತಿರುವವರು ಹೇಳಿ. ರಿಪೇರಿ ದುಡ್ಡನ್ನು ಬಾಡಿಗೆಯಲ್ಲಿ ಮುರಿದುಕೊಂಡಿದ್ದೀರಾ? ಓನರನ್ನು ಹೇಗೆ ಒಪ್ಪಿಸಿದಿರಿ? ಚರಂಡಿ ಮಾತ್ರ ಒಡೆದು ಇಳಿಜಾರು ಕೊಟ್ಟರೆ ಸಾಕಾ, ಇಲ್ಲ ನಿಲ್ಲುವ ಜಾಗವನ್ನೂ ಕೀಳಬೇಕಾ? ಹಸುಗಳನ್ನು ಬೇರೆ ಕಡೆ ಕಟ್ಟಲು ಜಾಗವಿಲ್ಲ, ಅರ್ಧರ್ಧ ಮಾಡಿಸಬೇಕು. ಹೊಸ ಕಾಂಕ್ರೀಟ್ ಮೇಲೆ ಎಷ್ಟು ದಿನ ಬಿಟ್ಟು ಕಟ್ಟಿದಿರಿ ಅಂತಲೂ ತಿಳಿಸಿ.