ಗ್ಲೈಕಾಲಿಕ್ ಮೇಲೆ ರೆಟಿನಾಲ್ ಹಚ್ಚಿ ಮುಖ ಉರೀತಿದೆ, ಎಂತ ಮಾಡದು?

ತೀರ್ಥಹಳ್ಳಿ_ಮಳೆ:
ಮೊಡವೆ ಕಲೆ ಹೋಗ್ಲಿ ಅಂತ ಒಂದೂವರೆ ತಿಂಗ್ಳಿಂದ ರಾತ್ರಿ 10% ಗ್ಲೈಕಾಲಿಕ್ ಆಸಿಡ್ ಹಚ್ಚಿ ಅದು ಒಣಗಿದ ಮೇಲೆ ರೆಟಿನಾಲ್ (ವಿಟಮಿನ್ ಎ ಜಾತಿದು), ಬೆಳಿಗ್ಗೆ ವಿಟಮಿನ್ ಸಿ ಸೀರಮ್, ದಿನಾ ಇದೇ. ಮೊದಲೆರಡು ವಾರ ಮುಖ ಪಳಪಳ ಅಂತಿತ್ತು. ಈಗ ಮೂಗಿನ ಪಕ್ಕ ಈರುಳ್ಳಿ ಸಿಪ್ಪೆ ತರ ತೆಳ್ಳಗೆ ಏಳ್ತಿದೆ, ಬಚ್ಚಲ ಒಲೆಗೆ ಬೆಂಕಿ ಹಾಕಕ್ಕೆ ಕೂತ್ರೆ ಕೆನ್ನೆ ಚುರುಚುರು, ನಿನ್ನೆ ಬರೀ ಮಾಯಿಶ್ಚರೈಸರ್ ಹಚ್ಚಿದ್ರೂ ಕಣ್ಣಲ್ಲಿ ನೀರು ಬಂತು. ಅಮ್ಮ ಮುರುಗಲ (ಕೋಕಂ) ಬೀಜದ ತುಪ್ಪ ಹಚ್ಚು ಅಂತಾರೆ. ಯಾವ್ದು ಬಿಡ್ಲಿ, ಯಾವ್ದು ಇಟ್ಕೊಳ್ಲಿ?

ಔಷಧಿ_ಅಕ್ಕ_ಶಿವಮೊಗ್ಗ:
ಸದ್ಯಕ್ಕೆ ಮೂರೂ ಬಿಡು ಮಾರಾಯ್ತಿ, ಇವತ್ತೇ. ಗ್ಲೈಕಾಲಿಕ್‌ನ ಕಣ ತುಂಬ ಚಿಕ್ಕದು, ಬೇಗ ಒಳಗಿಳಿದು ಮೇಲಿನ ಸತ್ತ ಕೋಶಗಳು ಒಂದಕ್ಕೊಂದು ಹಿಡ್ಕೊಂಡಿರೋ ಅಂಟು ಸಡಿಲ ಮಾಡುತ್ತೆ, ರೆಟಿನಾಲ್ ಕೆಳಗಿಂದ ಹೊಸ ಕೋಶಾನ ಬೇಗ ಬೇಗ ಮೇಲೆ ತಳ್ಳುತ್ತೆ, ಎರಡೂ ಒಂದೇ ರಾತ್ರಿ ಅಂದ್ರೆ ಚರ್ಮಕ್ಕೆ ಪದರ ಕಟ್ಟಕ್ಕೆ ಪುರಸೊತ್ತೇ ಇಲ್ಲ. ವಿಟಮಿನ್ ಸಿನೂ ಹುಳಿನೇ, ಗಾಯಕ್ಕೆ ನಿಂಬೆರಸ ಬಿದ್ದಂಗೆ.

ಈಗ ಮೃದು ಫೇಸ್‌ವಾಶ್, ಸೆರಮೈಡ್ (ಚರ್ಮದಲ್ಲೇ ಇರೋ ಒಂದು ತರದ ಜಿಡ್ಡು) ಇರೋ ವಾಸನೆ ಇಲ್ಲದ ಕ್ರೀಮ್, ಬೆಳಿಗ್ಗೆ ಸನ್‌ಸ್ಕ್ರೀನ್, ಅಷ್ಟೇ. ಮೈ ಸೋಪ್ ಮುಖಕ್ಕೆ ಬೇಡ, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) 9-10, ಚರ್ಮದ್ದು 5ರ ಹತ್ರ. ಉರಿ ನಿಂತ ಮೇಲೂ ಒಂದು ವಾರ ಕಾಯಿ. ಆಮೇಲೆ ರೆಟಿನಾಲ್ ಒಂದನ್ನೇ ವಾರಕ್ಕೆ ಎರಡು ರಾತ್ರಿ, ಮುಖ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಷ್ಟು. ತಿಂಗಳು ಒಗ್ಗಿದ್ರೆ ಮಾತ್ರ ಗ್ಲೈಕಾಲಿಕ್, ಅದೂ ರೆಟಿನಾಲ್ ಇಲ್ಲದ ರಾತ್ರಿ, ವಾರಕ್ಕೊಂದೇ ಸಲ. ನಿಯಾಸಿನಮೈಡ್ (ವಿಟಮಿನ್ ಬಿ3) ಎರಡರ ಜೊತೆಗೂ ಹೊಂದುತ್ತೆ. ಮುಂದೆ ಬಸುರಿ ಆದ್ರೆ ರೆಟಿನಾಲ್ ಮುಟ್ಟಲೇಬಾರ್ದು, ಇದು ನೆನಪಿರ್ಲಿ. ಮುರುಗಲ ತುಪ್ಪ ಹಿಮ್ಮಡಿ ಒಡಕಿಗೆ ಬಹಳ ಒಳ್ಳೇದು, ಸಿಪ್ಪೆ ಏಳ್ತಿರೋ ಮೊಡವೆ ಮುಖಕ್ಕೆ ನಾನಂತೂ ಹಚ್ಚು ಅನ್ನಲ್ಲ.

ಸಾಗರ_ಸೀಮೆ:
ಸನ್‌ಸ್ಕ್ರೀನ್ ಮಾತ್ರ ಬಿಡ್ಬೇಡ ಕಣೇ. ನಾನು ಮಳೆಗಾಲ ಅಲ್ವಾ, ಬಿಸಿಲೆಲ್ಲಿ ಅಂತ ಬಿಟ್ಟಿದ್ದೆ, ಮೋಡದಲ್ಲೂ ಬಿಸಿಲಿನ ಯುವಿ ಕಿರಣ ಬರುತ್ತೆ ಅಂತ ಗೊತ್ತಿರ್ಲಿಲ್ಲ, ಮುಂದೆ ಅಡಿಕೆ ಒಣಹಾಕೋ ಟೈಮಲ್ಲಿ ಅಂಗಳದಲ್ಲಿ ನಾಲ್ಕು ದಿನ ನಿಂತಿದ್ದಕ್ಕೆ ತೆಳು ಕಂದು ಇದ್ದ ಕಲೆ ಕಪ್ಪಾಗಿ ಕೂತ್ಕೊಂತು. ಗ್ಲೈಕಾಲಿಕ್ ನಿಲ್ಸಿದ ಮೇಲೂ ಒಂದು ವಾರ ಚರ್ಮಕ್ಕೆ ಬಿಸಿಲು ಜಾಸ್ತಿ ತಾಗುತ್ತಂತೆ. ಇನ್ನೊಂದು, ಕೆಂಪಾಗಿದೆ ಅಂತ ಮೆಡಿಕಲ್‌ನಲ್ಲಿ ಕೇಳಿ ಕ್ರೀಮ್ ತರ್ಬೇಡ. ನಂಗೆ ಹಾಗೆ ಸಿಕ್ಕಿದ್ರಲ್ಲಿ ಬೀಟಾಮೆಥಾಸೋನ್ ಇತ್ತು, ಸ್ಟೀರಾಯ್ಡ್ ಅದು. ಎರಡೇ ದಿನಕ್ಕೆ ತಣ್ಣಗಾಯ್ತು, ಬಿಟ್ಟ ಕೂಡ್ಲೆ ಮೊದಲಿಗಿಂತ ಜೋರಾಗಿ ಬಂತು.

ತೀರ್ಥಹಳ್ಳಿ_ಮಳೆ:
ಅಯ್ಯೋ, ನನ್ ಫೇಸ್‌ವಾಶ್‌ನಲ್ಲಿ 2% ಸ್ಯಾಲಿಸಿಲಿಕ್ ಇದೆ, ಅದೂ ಆಸಿಡ್ ಲೆಕ್ಕಾನಾ?

ಔಷಧಿ_ಅಕ್ಕ_ಶಿವಮೊಗ್ಗ:
ಹೌದು, ಲೆಕ್ಕವೇ. ತೊಳೆದು ಹೋಗೋದ್ರಿಂದ ಜೋರು ಕಮ್ಮಿ, ಆದ್ರೂ ಈಗ ಅದನ್ನೂ ಎತ್ತಿಡು. ಎರಡು ವಾರಕ್ಕೂ ಕೆಂಪು ಇಳೀಲಿಲ್ಲ ಅಂದ್ರೆ, ಇಲ್ಲಾ ನಡುವೆ ಊದ್ಕೊಂಡು ನೀರು ಜಿನುಗಿದ್ರೆ ಕಾಯ್ಬೇಡ, ಇಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದು ಚರ್ಮದ ಡಾಕ್ಟರ್‌ಗೆ ತೋರ್ಸು, ಬರುವಾಗ ಹಚ್ತಿದ್ದ ಬಾಟಲಿ ಎಲ್ಲಾ ಚೀಲದಲ್ಲಿ ಹಾಕ್ಕೊಂಡು ಬಾ.