ಪದ ಬೇಕು (ಅರ್ಜೆಂಟ್): ಕ್ಯಾನ್ಸರ್ ತಂಡದ 'ಲೀಡ್' ಡಾಕ್ಟರ್

ಬೆಳಗಾವಿಯಿಂದ:
ಇಲ್ಲಿನ ಒಂದು ಆಸ್ಪತ್ರೆಗೆ ರೋಗಿಗಳ ಕೈಪಿಡಿ ಕನ್ನಡ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. 'ಟ್ಯೂಮರ್ ಬೋರ್ಡ್' ಅಂದರೆ ಸರ್ಜನ್, ಕಿಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್, ಪೆಥಾಲಜಿಯವರು, ಸ್ಕ್ಯಾನ್ ನೋಡುವವರು ಒಟ್ಟಿಗೆ ಕೂತು ಒಬ್ಬೊಬ್ಬ ರೋಗಿಯ ಚಿಕಿತ್ಸೆ ತೀರ್ಮಾನಿಸುವ ಸಭೆ. ಅದನ್ನು ನಡೆಸುವ ಡಾಕ್ಟರಿಗೆ 'ತಂಡದ ನಾಯಕ' ಅಂತ ಹಾಕಿದ್ದೆ. ಸಿಸ್ಟರ್ ಓದಿ, "ಎಲೆಕ್ಷನ್‌ಗೆ ನಿಂತಾರೇನ್ರಿ?" ಅಂದರು. 'ಮುಖ್ಯಸ್ಥ' ಅಂದರೆ ವಿಭಾಗದ ಮುಖ್ಯಸ್ಥರು ಅಂದುಕೊಳ್ಳುತ್ತಾರೆ. ಏನನ್ನೋಣ?

ವಿಜಯಪುರದಿಂದ:
ಮೇಟಿ. ಕಣದ ನಡುವೆ ನೆಡುವ ಕಂಬ, ಎತ್ತುಗಳೆಲ್ಲ ಅದರ ಸುತ್ತಲೇ. ಮುಖಂಡ ಅನ್ನುವ ಅರ್ಥವೂ ಇದೆ. 1894ರ ಕಿಟೆಲ್ ನಿಘಂಟು ತೆಗೆದು ನೋಡಿ. ಅಚ್ಚಗನ್ನಡ. ಹಾಗೇ 'ಕ್ಯಾನ್ಸರ್' ತೆಗೆದು 'ಏಡಿಗಂತಿ' ಮಾಡಿ.

ಬಾಗಲಕೋಟೆಯಿಂದ:
ಕಂಬದ ಮೇಟಿ ಸಂಸ್ಕೃತದ 'ಮೇಥಿ'ಯಿಂದ ಬಂದದ್ದು. ಮುಖಂಡ ಮೇಟಿ ಬೇರೆ. ಎರಡನ್ನೂ ಒಂದೇ ಕಣಕ್ಕೆ ಕಟ್ಟಬೇಡಿ. ಅಲ್ಲದೆ ನಮ್ಮ ಕಡೆ ಮೇಟಿ ಅಡ್ಡಹೆಸರು ರೀ. 'ಮೇಟಿ ಡಾಕ್ಟರ್' ಅಂತ ಬರೆದರೆ ಜನ ಆ ಮನೆತನದವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಇನ್ನು ಏಡಿಗಂತಿ. ಈ ರೋಗಕ್ಕೆ ಮೊದಲು ಏಡಿಯ ಹೆಸರಿಟ್ಟವರು ಗ್ರೀಕರು, ಹಾಗಾಗಿ ಆ ಏಡಿಯೂ ಅವರದ್ದೇ. ಅನುವಾದ ಮಾಡಿಬಿಟ್ಟರೆ ಎರವಲು ತಪ್ಪಿತಾ?

ನಿಪ್ಪಾಣಿಯಿಂದ:
ಪದಕ್ಕಿಂತ ಮೊದಲು ಕೆಲಸ ನೋಡಿ. ಹೊಗೆಸೊಪ್ಪಿನ ಸೀಮೆ ನಮ್ಮದು, ಬಾಯಿ ಕ್ಯಾನ್ಸರನ್ನೇ ತಗೊಳ್ಳಿ. ಸಾಮಾನ್ಯವಾಗಿ ಮೊದಲು ಆಪರೇಷನ್. ತೆಗೆದ ಭಾಗದ ಅಂಚಿನಲ್ಲಿ ರೋಗ ಕಂಡಿದೆ ಅಂತ ಪೆಥಾಲಜಿಯವರು ಹೇಳಿದರೆ ರೇಡಿಯೇಷನ್ ಜೊತೆ ಕಿಮೋ ಕೂಡ ಬರಬಹುದು. ರೇಡಿಯೇಷನ್‌ಗೆ ಮುಂಚೆಯೇ ಹಲ್ಲಿನ ಡಾಕ್ಟರು ಕೆಟ್ಟ ಹಲ್ಲು ಕಿತ್ತಿರಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯುವುದೇ ಕಷ್ಟ. ಈ ಹಲ್ಲಿನ ಮಾತು ಸಭೆಯಲ್ಲಿ ಎತ್ತುವವರು ಯಾರು? ದೊಡ್ಡ ಸರ್ಜನ್ ಒಂದು ಮಾತು ಆಡಿದ ಮೇಲೆ ಉಳಿದವರು ಸುಮ್ನಾಗದ ಹಾಗೆ ನೋಡಿಕೊಳ್ಳುವುದು, ಕೊನೆಗೆ ತೀರ್ಮಾನ ಬರೆಸುವುದು, ಇಷ್ಟೇ ಆ ಲೀಡ್ ಕೆಲಸ. ತೀರ್ಪು ಕೊಡುವ ಗೌಡರಲ್ಲ ಅವರು. 'ಸಂಚಾಲಕ' ಸಾಕು. ರೋಗಿಯ ಮನೆಯವರು ಕೇಳುವುದು "ನಮ್ಮ ಡಾಕ್ಟರ್ ಯಾರು?" ಅಂತ. ಅದು ಬೇರೆಯವರೂ ಆಗಿರಬಹುದು, ಬೇರೆ ಸಾಲಿನಲ್ಲಿ ಬರೆಯಿರಿ.

ವಿಜಯಪುರದಿಂದ:
ಸಂಚಾಲಕ! ಮತ್ತೆ ಸಂಸ್ಕೃತದ ಮನೆಗೇ ಕೈ ಚಾಚಿದಿರಿ.

ಬಾಗಲಕೋಟೆಯಿಂದ:
ನೀವು ದಿನಾ 'ದವಾಖಾನೆ' ಅಂತೀರಲ್ಲ, ಅದರಲ್ಲಿ ದವಾ ಅರಬ್ಬಿ, ಖಾನೆ ಪಾರಸಿ. ಆದಿಲ್‌ಶಾಹಿ ಊರಿನವರಿಗೆ ಇಷ್ಟು ಮಡಿ ಯಾಕೆ?

ವಿಜಯಪುರದಿಂದ:
ಊರಿನ ಸುದ್ದಿ ಬೇಡ. ದವಾಖಾನೆ ಜನ ತಂದದ್ದು, ಸಂಚಾಲಕ ಕಚೇರಿ ತಂದದ್ದು. ವ್ಯತ್ಯಾಸ ಇದೆ.

ಬೆಳಗಾವಿಯಿಂದ:
ಪ್ರೆಸ್ಸಿನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಸಭೆಗೆ 'ಕ್ಯಾನ್ಸರ್ ತಂಡದ ಸಭೆ', ನಡೆಸುವವರಿಗೆ 'ಸಭೆಯ ಸಂಚಾಲಕರು', ಕೆಳಗೆ 'ನಿಮ್ಮ ಡಾಕ್ಟರ್: ______' ಅಂತ ಖಾಲಿ ಜಾಗ. ಕಳಿಸಿಬಿಟ್ಟೆ.

ವಿಜಯಪುರದಿಂದ:
ಕ್ಯಾನ್ಸರ್ ಹಾಗೇ ಉಳಿಸಿದಿರಾ? ಆಯ್ತು ಬಿಡಿ.