ಮನೆಯ ಮಳೆ ಬೇರೆ, ಬಾಡಿಗೆ ಕೋಣೆಯ ಮಳೆ ಬೇರೆ

ಶನಿವಾರಸಂತೆ ಸಮೀಪದ ವಿದ್ಯಾರ್ಥಿನಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ಹೇಳಿಕೊಂಡಿದ್ದರು. ಸಿಇಟಿ ಮೂಲಕ ಅವರಿಗೆ ಪೊನ್ನಂಪೇಟೆಯಲ್ಲಿ ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿಗೆ ಸೀಟು ದೊರೆತಿದೆ. ರ‍್ಯಾಗಿಂಗ್ ಭಯದಿಂದ ತಂದೆಯವರು ಹಾಸ್ಟೆಲ್ ಬೇಡವೆನ್ನುತ್ತಾರೆ. ಗೋಣಿಕೊಪ್ಪಲಿನಲ್ಲಿ ಪಿಯುಸಿ ಗೆಳತಿಯರಿಬ್ಬರೊಂದಿಗೆ ಕೋಣೆ ಮಾಡಿಕೊಂಡಿರಲಿ ಎಂಬುದು ಅವರ ಇಚ್ಛೆ. ತಾಯಿಯವರು ಕಾಲೇಜಿನ ಹಾಸ್ಟೆಲೇ ಆಗಬೇಕು ಎನ್ನುತ್ತಾರೆ. ‘ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಅಪರಿಚಿತರೊಂದಿಗೆ ಮಲಗಿದವಳಲ್ಲ, ಎಲ್ಲಿದ್ದರೆ ನನ್ನ ಓದು ಸಾಗೀತು?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಆಯ್ದವು ಇಲ್ಲಿವೆ.

ನಿವೃತ್ತ ಉಪನ್ಯಾಸಕಿ, ಮಡಿಕೇರಿ

ಮಗು, ಹನ್ನೊಂದು ವರ್ಷ ಪಾಠ ಮಾಡುವುದರ ಜೊತೆಗೆ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್ ಆಗಿಯೂ ಇದ್ದವಳು ನಾನು, ಆದ್ದರಿಂದ ನನ್ನ ಮಾತು ಹಾಸ್ಟೆಲಿನ ಕಡೆಗೆ ಸ್ವಲ್ಪ ವಾಲಿದರೆ ಆಶ್ಚರ್ಯಪಡಬೇಡ. ಮೊದಲ ವರ್ಷದಲ್ಲಿ ಹಾಸ್ಟೆಲ್ ಸೇರು ಎಂದೇ ನಾನು ಹೇಳುತ್ತೇನೆ. ಹಾಸ್ಟೆಲ್ ಸುಖವಾಗಿರುತ್ತದೆ ಎಂದು ಹೀಗೆ ಹೇಳುತ್ತಿಲ್ಲ. ಅನೇಕ ವೇಳೆ ಅದು ಸುಖವಾಗಿರುವುದಿಲ್ಲ. ಆದರೆ ಹೊಸ ಊರಿನಲ್ಲಿ ಮೊದಲ ಆರು ತಿಂಗಳು ಮನೆಯಿಂದ ಬಂದ ಮಗುವಿಗೆ ಜ್ವರ ಬಂದರೆ, ಊಟ ಬಿಟ್ಟರೆ, ಮೂರು ದಿನ ತರಗತಿಗೆ ಹೋಗದೆ ಮುಸುಕೆಳೆದುಕೊಂಡು ಮಲಗಿದರೆ ಯಾರಾದರೊಬ್ಬರ ಕಣ್ಣಿಗೆ ಬೀಳಬೇಕು. ಹೊರಗೆ ಕೋಣೆ ಮಾಡಿಕೊಂಡಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು, ಜೊತೆಯವರು ಹಬ್ಬಕ್ಕೆಂದು ಊರಿಗೆ ಹೋಗಿದ್ದಾಗ, ನಾಲ್ಕು ದಿನ ಜ್ವರದಲ್ಲಿ ಒಬ್ಬಳೇ ಬಿದ್ದುಕೊಂಡಿದ್ದು ನಮಗೆ ತಿಳಿದದ್ದು ಐದನೆಯ ದಿನ, ಅದೂ ಅವಳ ತಾಯಿ ಕಾಲೇಜಿಗೆ ಫೋನ್ ಮಾಡಿದ್ದರಿಂದ.

ನಿನ್ನ ತಂದೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಹೊರಡಿಸಿದ ನಿಯಮಾವಳಿಯನ್ನು ಅವರು ಒಮ್ಮೆ ಓದಿ ನೋಡಲಿ. ಪ್ರವೇಶದ ವೇಳೆ ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಪ್ರಮಾಣಪತ್ರ ಬರೆಸಿಕೊಳ್ಳಬೇಕು, ಸಾಧ್ಯವಾದ ಮಟ್ಟಿಗೆ ಹೊಸಬರನ್ನು ಹಿರಿಯರಿಂದ ಬೇರೆಯಾದ ಕಟ್ಟಡದಲ್ಲಿ ಇರಿಸಬೇಕು, ಹಾಸ್ಟೆಲಿಗೆ ಅನಿರೀಕ್ಷಿತ ಭೇಟಿ ನೀಡುವ ತಂಡವಿರಬೇಕು ಎಂದು ಅದು ವಿಧಿಸುತ್ತದೆ. 1800-180-5522 ಎಂಬ ಉಚಿತ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕಾಲೇಜಿನ ಹೊರಗಿರುವ ಖಾಸಗಿ ವಸತಿಗಳನ್ನೂ ಆ ನಿಯಮಾವಳಿ ಬಿಟ್ಟಿಲ್ಲ, ಅಂದರೆ ಹೊರಗೆ ಕೋಣೆ ಮಾಡಿದ ಮಾತ್ರಕ್ಕೆ ಈ ಭಯ ತಪ್ಪುತ್ತದೆ ಎಂದು ನಿಯಮ ಬರೆದವರೂ ನಂಬಿರಲಿಲ್ಲ. ಹಿರಿಯ ವಿದ್ಯಾರ್ಥಿ ನಿನ್ನನ್ನು ಬಸ್ ನಿಲ್ದಾಣದಲ್ಲಿಯೂ ತಡೆದು ನಿಲ್ಲಿಸಬಲ್ಲ. ಅಲ್ಲಿ ವಾರ್ಡನ್ ಇರುವುದಿಲ್ಲ.

ತಂದೆಯವರು ಹಾಸ್ಟೆಲ್ ನೋಡುವುದಾದರೆ ಪ್ರವೇಶದ ದಿನ ನೋಡಿ ಬರುವುದು ಬೇಡ, ಅಂದು ಎಲ್ಲ ಹಾಸ್ಟೆಲುಗಳೂ ಮದುವೆ ಮನೆಯಂತೆ ಇರುತ್ತವೆ. ಸಂಜೆ ಹೊತ್ತಿಗೆ, ಊಟಕ್ಕೆ ಸ್ವಲ್ಪ ಮುಂಚೆ ಹೋಗಲಿ. ವಾರ್ಡನ್ ಆವರಣದಲ್ಲಿಯೇ ವಾಸವಾಗಿದ್ದಾರೆಯೇ, ಹಬ್ಬದ ರಜೆಯಲ್ಲಿ ಮೆಸ್ ನಡೆಯುತ್ತದೆಯೇ, ರಾತ್ರಿ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ವಾಹನ ಯಾರದು ಎಂಬುದನ್ನು ಕೇಳಲಿ. ಓದಿನ ವಿಷಯಕ್ಕೆ ಬಂದರೆ, ಹಾಸ್ಟೆಲಿನಲ್ಲಿ ಗದ್ದಲ ಇದ್ದೇ ಇರುತ್ತದೆ. ನನ್ನ ಹುಡುಗಿಯರಲ್ಲಿ ಚೆನ್ನಾಗಿ ಓದಿದವರು ಕೋಣೆಯಲ್ಲಿ ಓದಿದವರಲ್ಲ, ಲೈಬ್ರರಿ ಮುಚ್ಚುವವರೆಗೂ ಅಲ್ಲಿಯೇ ಕುಳಿತಿದ್ದವರು. ಕೋಣೆಯ ಜೊತೆಗಾತಿ ಹೊಂದದಿದ್ದರೆ ಮೊದಲ ಆಂತರಿಕ ಪರೀಕ್ಷೆ ಮುಗಿಯುವವರೆಗೆ ತಾಳಿಕೊಂಡು ಆಮೇಲೆ ಬದಲಾವಣೆ ಕೇಳು. ಮೊದಲ ವಾರದಲ್ಲಿಯೇ ಕೇಳಿದವರಲ್ಲಿ ಅರ್ಧದಷ್ಟು ಮಂದಿ ಆಮೇಲೆ ಅದೇ ಜೊತೆಗಾತಿಯ ಮದುವೆಗೆ ಹೋಗಿ ಬಂದಿದ್ದಾರೆ.

ಸಸ್ಯಶಾಸ್ತ್ರ ಪದವೀಧರೆ, ಸೋಮವಾರಪೇಟೆ

ತಂಗಿ, ನಿಮ್ಮ ಪತ್ರ ಓದುವಾಗ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು. ನಾನು ಓದಿದ್ದು ಜಿಲ್ಲೆಯ ಬೇರೊಂದು ಕಾಲೇಜಿನಲ್ಲಿ. ಗೆಳತಿಯರಿಬ್ಬರೊಂದಿಗೆ ಕೋಣೆ ಮಾಡಿಕೊಂಡೆ. ಬಿಸಿಲಿದ್ದ ಒಂದು ಮಧ್ಯಾಹ್ನ ಕೋಣೆ ನೋಡಿ, ಸುಣ್ಣ ಬಳಿದ ಗೋಡೆ, ಕಿಟಕಿಯಾಚೆ ಕಾಫಿ ತೋಟ ಕಂಡು ಅಲ್ಲಿಯೇ ಮುಂಗಡ ಕೊಟ್ಟುಬಿಟ್ಟೆವು. ನಾವೇನು ಮಳೆ ಕಾಣದವರಲ್ಲ. ಆದರೆ ಮನೆಯ ಮಳೆ ಬೇರೆ, ಬಾಡಿಗೆ ಕೋಣೆಯ ಮಳೆ ಬೇರೆ. ಮನೆಯಲ್ಲಿ ಬಚ್ಚಲ ಒಲೆ ಉರಿಯುತ್ತಿರುತ್ತದೆ, ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತದೆ, ಕರೆಂಟು ಮೂರು ದಿನ ಹೋದರೂ ಬಿಸಿನೀರಿಗೆ ತೊಂದರೆಯಿಲ್ಲ. ಬಾಡಿಗೆ ಕೋಣೆಯಲ್ಲಿ ಒಲೆಯೂ ಇಲ್ಲ, ಹೊಗೆಯೂ ಇಲ್ಲ, ಆದ್ದರಿಂದ ಬಟ್ಟೆಯೂ ಒಣಗುವುದಿಲ್ಲ. ಜುಲೈ ಎರಡನೆಯ ವಾರದ ಹೊತ್ತಿಗೆ ತಲೆದಿಂಬಿನ ಪಕ್ಕದ ಗೋಡೆಯಲ್ಲಿ ಹಸಿರು ಬೂಷ್ಟು ಹಬ್ಬಿತು, ಆಮೇಲೆ ಚಪ್ಪಲಿಗೆ, ಆಮೇಲೆ ಪುಸ್ತಕಗಳ ಬೆನ್ನಿಗೆ.

ನಿಮಗೆ ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಅರಣ್ಯಶಾಸ್ತ್ರದಲ್ಲಿಯೂ ಗಿಡಗಳನ್ನು ಗುರುತಿಸಿ ಹರ್ಬೇರಿಯಂ ಮಾಡುವ ಕೆಲಸ ಬರುತ್ತದೆ. ಎಲೆ, ಹೂವುಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿಟ್ಟು, ಹಾಳೆ ಒದ್ದೆಯಾದಂತೆಲ್ಲ ಬದಲಿಸುತ್ತಾ ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಮಾದರಿ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ನಾನು ಒತ್ತಿಟ್ಟಿದ್ದ ಮೂವತ್ತು ಮಾದರಿಗಳಲ್ಲಿ ಹತ್ತೊಂಬತ್ತು ಆ ಕೋಣೆಯಲ್ಲಿ ಹಾಳಾದವು. ಅಂತಿಮ ಪರೀಕ್ಷೆಗೆ ಎರಡು ವಾರವಿದ್ದಾಗ ಮತ್ತೆ ಗಿಡ ಹುಡುಕಿಕೊಂಡು ಜಿಗಣೆ ಕಚ್ಚಿಸಿಕೊಳ್ಳುತ್ತಾ ತಿರುಗಿದೆ.

ಇನ್ನು ಗೆಳತಿಯರ ವಿಷಯ. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ಒಂದೇ ಅಡುಗೆಮನೆಯಲ್ಲಿ ಹೊಂದಿಕೊಳ್ಳುತ್ತಾರೆ ಎಂದು ಹೇಳಲಾಗದು. ಪಾತ್ರೆ ಯಾರು ತೊಳೆಯಬೇಕು, ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ದುಡ್ಡು ಯಾರದು ಎಂಬಲ್ಲಿಂದ ಶುರುವಾದ ಮುನಿಸು ದೀಪಾವಳಿಯ ಹೊತ್ತಿಗೆ ಒಬ್ಬಳು ಕೋಣೆ ಬಿಡುವಲ್ಲಿಗೆ ಮುಟ್ಟಿತು. ಮೂವರಲ್ಲಿ ಒಬ್ಬಳು ಹೋದರೆ ಬಾಡಿಗೆ ಮೂರರಲ್ಲೊಂದು ಭಾಗದಿಂದ ಅರ್ಧಕ್ಕೆ ಏರುತ್ತದೆ. ಇದನ್ನು ಕೋಣೆ ಹಿಡಿಯುವಾಗ ನಾವ್ಯಾರೂ ಲೆಕ್ಕ ಹಾಕಿರಲಿಲ್ಲ. ಹಾಸ್ಟೆಲಿನಲ್ಲಿದ್ದು ಒಂದು ಮಳೆಗಾಲ ಕಳೆಯಿರಿ. ಆಗ ಯಾರ ಕೋಣೆಯಲ್ಲಿ ಗೋಡೆ ಒಣಗಿದೆ, ಯಾವ ಮನೆಗೆ ಬೇಸಿಗೆಯಲ್ಲಿಯೂ ನೀರು ಬರುತ್ತದೆ, ಯಾರೊಂದಿಗೆ ನೀವು ಬದುಕಬಲ್ಲಿರಿ ಎಂಬುದೆಲ್ಲ ಹಿರಿಯರ ಬಾಯಿಂದಲೇ ತಿಳಿದಿರುತ್ತದೆ. ಎರಡನೆಯ ವರ್ಷದಲ್ಲಿ ಕೋಣೆ ಹಿಡಿದ ನನ್ನ ಸಹಪಾಠಿಗಳು ನಮಗಿಂತ ಎಷ್ಟೋ ನೆಮ್ಮದಿಯಾಗಿದ್ದರು.

ಮನೆ ಬಾಡಿಗೆಗೆ ಕೊಡುವವರು, ಗೋಣಿಕೊಪ್ಪಲು

ವಿದ್ಯಾರ್ಥಿಗಳಿಗೆ ಕೋಣೆ ಕೊಡುವ ಮಾಲೀಕರ ಮಾತನ್ನೂ ಕೇಳಿ. ನನ್ನ ಎರಡು ಕೋಣೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಇದ್ದು ಓದಿ ಹೋಗಿದ್ದಾರೆ. ಎಲ್ಲ ಮಾಲೀಕರೂ ಬಿಸಿಲಿನಲ್ಲಿ ಕೋಣೆ ತೋರಿಸಿ ಮೋಸ ಮಾಡುವವರಲ್ಲ. ಆದರೂ ಹೊರಗೆ ಇರಲು ತೀರ್ಮಾನಿಸಿದರೆ ಕರಾರುಪತ್ರ ಇಲ್ಲದೆ ಮುಂಗಡ ಕೊಡಬೇಡಿ. ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ, ಏಕೆಂದರೆ ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ. ಬೇಸಿಗೆ ರಜೆಯ ತಿಂಗಳುಗಳಿಗೂ ಬಾಡಿಗೆ ಕೊಡಬೇಕೇ, ಮಧ್ಯದಲ್ಲಿ ಬಿಟ್ಟರೆ ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ಸುಣ್ಣಬಣ್ಣದ ಖರ್ಚು ಯಾರದು ಎಂಬ ಮೂರು ಮಾತು ಕಾಗದದಲ್ಲಿರಲಿ. ಕೋಣೆಗೆ ಪ್ರತ್ಯೇಕ ಮೀಟರ್ ಇದೆಯೇ ಎಂದೂ ನೋಡಿ. ಇದ್ದರೆ ಕರಾರುಪತ್ರ ತೋರಿಸಿ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಮಾಲೀಕರು ಹೇಳಿದ್ದೇ ಬಿಲ್ಲು. ಮೂವರ ಹೆಸರೂ ಕರಾರಿನಲ್ಲಿರಲಿ. ಒಬ್ಬಳ ತಂದೆಯ ಹೆಸರಿನಲ್ಲಿ ಮಾತ್ರ ಬರೆಸಿದರೆ, ಮೇಲಿನ ಪತ್ರದಲ್ಲಿ ಹೇಳಿದಂಥ ಜಗಳವಾದಾಗ ಉಳಿದವರ ಪಾಲೂ ಅವರ ತಲೆಗೇ ಬರುತ್ತದೆ.

ಇನ್ನೊಂದು ಮಾತು. ಆವರಣದಲ್ಲಿಯೇ ಮಾಲೀಕರ ಸಂಸಾರ ವಾಸವಿರುವ ಮನೆಯನ್ನೇ ಆಯ್ದುಕೊಳ್ಳಿ. ರಾತ್ರಿ ಹತ್ತರ ಮೇಲೆ ಗೇಟು ತೆಗೆಯಲು ನಾವು ಗೊಣಗುತ್ತೇವೆ ಎಂಬುದು ನಿಜ. ಆದರೆ ಪಕ್ಕದ ತೋಟಕ್ಕೆ ಆನೆ ಬಂದ ಸುದ್ದಿ ಮೊದಲು ತಿಳಿಯುವುದೂ ನಮಗೇ.

ಅಂತಿಮ ವರ್ಷದ ವಿದ್ಯಾರ್ಥಿನಿ, ವಿರಾಜಪೇಟೆ

ಎಲ್ಲರೂ ಹಾಸ್ಟೆಲ್ ಎನ್ನಬಹುದು ಎಂದು ಊಹಿಸಿಯೇ ಬೇರೆ ದನಿಯಲ್ಲಿ ಬರೆಯುತ್ತಿದ್ದೇನೆ. ನಾನು ಹಾಸ್ಟೆಲಿನಲ್ಲಿ ಮೂರು ತಿಂಗಳಿದ್ದು ಹೊರಬಂದವಳು. ನನಗೆ ನಿದ್ದೆ ಬಹಳ ಸೂಕ್ಷ್ಮ. ಕೋಣೆಯಲ್ಲಿ ರಾತ್ರಿ ಎರಡರವರೆಗೂ ದೀಪ ಉರಿಯುತ್ತಿತ್ತು, ಬೆಳಿಗ್ಗೆ ಸ್ನಾನಕ್ಕೆ ಸರದಿ ಹಿಡಿಯಲು ಐದಕ್ಕೆ ಏಳಬೇಕಿತ್ತು. ತರಗತಿಯಲ್ಲಿ ತೂಕಡಿಸಿ ತೂಕಡಿಸಿ ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಕಳೆದುಕೊಂಡೆ. ಹೊಂದಿಕೊಳ್ಳಬೇಕು ಎಂದು ಹಿರಿಯರು ಹೇಳುವುದು ಸುಲಭ, ಆದರೆ ಕೆಲವರ ದೇಹ ಹೊಂದಿಕೊಳ್ಳುವುದಿಲ್ಲ. ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ವಯಸ್ಸಾದ ದಂಪತಿಗಳ ಮನೆಯಲ್ಲಿ, ಊಟವೂ ಸೇರಿದಂತೆ ಒಂದು ಕೋಣೆ ದೊರೆತ ಮೇಲೆ ನನ್ನ ಓದು ದಾರಿಗೆ ಬಂತು. ನಿಮ್ಮ ಪತ್ರದಲ್ಲಿ ಎರಡೇ ದಾರಿ ಇವೆ: ಹಾಸ್ಟೆಲ್, ಇಲ್ಲವೇ ಗೆಳತಿಯರೊಂದಿಗೆ ಕೋಣೆ. ಇದು ಮೂರನೆಯದು. ಹಾಸ್ಟೆಲ್ ಸೇರುವುದಾದರೂ ಮಧ್ಯದಲ್ಲಿ ಬಿಟ್ಟರೆ ಕಟ್ಟಿದ ಹಣದಲ್ಲಿ ಎಷ್ಟು ಹಿಂದಿರುಗುತ್ತದೆ ಎಂದು ಸೇರುವ ಮುನ್ನವೇ ಬರಹದಲ್ಲಿ ತಿಳಿದುಕೊಳ್ಳಿ. ನನಗೆ ಒಂದು ರೂಪಾಯಿಯೂ ಹಿಂದೆ ಬರಲಿಲ್ಲ.

ತಂದೆಯೊಬ್ಬರು, ಸುಂಟಿಕೊಪ್ಪ

ಇದು ನಿಮ್ಮ ತಂದೆಯವರಿಗೆ. ಸಣ್ಣ ಕಾಫಿ ಬೆಳೆಗಾರರ ಕೈಗೆ ಹಣ ಬರುವುದು ಕೊಯ್ಲು ಮುಗಿದ ಮೇಲೆ, ಬಾಡಿಗೆ ಕೊಡಬೇಕಾದದ್ದು ಪ್ರತಿ ತಿಂಗಳು. ಹಾಸ್ಟೆಲ್ ಶುಲ್ಕವಾದರೆ ಕಂತಿನಲ್ಲಿ ಕಟ್ಟಲು ಒಪ್ಪುತ್ತಾರೆಯೇ ಎಂದು ಕೇಳಿ ನೋಡಿ. ನನ್ನ ಮಗನಿಗೆ ಹಾಸ್ಟೆಲ್ ಸಿಗದಿದ್ದಾಗ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಯೋಜನೆ ನೆರವಿಗೆ ಬಂತು. ಸರ್ಕಾರಿ ಹಾಸ್ಟೆಲಿನ ಸೌಲಭ್ಯ ದೊರೆಯದವರಿಗೆ ಊಟ ವಸತಿಗೆಂದು ಆಗ ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುತ್ತಿದ್ದರು. ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಅಲೆದಾಟ ತಪ್ಪುವುದಿಲ್ಲ, ಈಗಲೇ ಸರಿಪಡಿಸಿಕೊಳ್ಳಿ. ಆ ಹಣ ಬಾಡಿಗೆಯ ದಿನಕ್ಕೆ ಸರಿಯಾಗಿ ಬರುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ನಿವೃತ್ತ ಬಸ್ ನಿರ್ವಾಹಕ, ಕುಶಾಲನಗರ

ಎಲ್ಲರೂ ಕೋಣೆಯ ಬಗ್ಗೆ ಬರೆಯುತ್ತಾರೆ, ನಾನು ದಾರಿಯ ಬಗ್ಗೆ ಬರೆಯುತ್ತೇನೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಮತ್ತು ನಿಮ್ಮ ಊರು ಜಿಲ್ಲೆಯ ಒಂದು ತುದಿಯಾದರೆ ಪೊನ್ನಂಪೇಟೆ ಇನ್ನೊಂದು ತುದಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ 2023ರ ಜೂನ್‌ನಿಂದ ಇದೆಯಾದರೂ ಅದು ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ಕೊಡಗಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಹೊರಗೆ ಕೋಣೆ ಮಾಡಿದರೆ ದಿನವೂ ಎರಡು ಸಲ ಆ ಬಸ್ಸಿಗಾಗಿ ಕಾಯಬೇಕಾಗುತ್ತದೆ, ಲ್ಯಾಬ್ ಮುಗಿದು ಕತ್ತಲಾದ ಮೇಲೆ ಕಾಯುವುದು ಇನ್ನೂ ಕಷ್ಟ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಊರಿಗೆ ಮರಳಲಾಗದೆ ನಿಂತ ಮಕ್ಕಳನ್ನು ನಾನು ನಿಲ್ದಾಣದಲ್ಲಿ ಕಂಡಿದ್ದೇನೆ. ಹಾಸ್ಟೆಲಿನ ಮಕ್ಕಳಿಗೆ ಹಿಂದಿರುಗಿ ಹೋಗಲು ಒಂದು ಜಾಗವಾದರೂ ಇತ್ತು.

ತಿಂಗಳಿಗೊಮ್ಮೆ ಊರಿಗೆ ಬಂದರೆ ಸಾಕು ಎಂದುಕೊಂಡು ಹೊರಡಿ, ಪ್ರತಿ ವಾರ ಬರುತ್ತೇನೆ ಎಂದು ಅಮ್ಮನಿಗೆ ಮಾತು ಕೊಡಬೇಡಿ. ಮರಳುವಾಗ ಭಾನುವಾರ ಮಧ್ಯಾಹ್ನದ ಊಟ ಮುಗಿಸಿಕೊಂಡು ಹೋಗು ಎಂದು ಮನೆಯವರು ಒತ್ತಾಯಿಸುತ್ತಾರೆ. ಮಳೆಗಾಲದಲ್ಲಿ ಹಾಗೆ ಹೊರಟರೆ ವಿರಾಜಪೇಟೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಊಟವನ್ನು ಕಟ್ಟಿಸಿಕೊಂಡು ಬೆಳಗಿನ ಬಸ್ಸನ್ನೇ ಹತ್ತಿ.